ಮುಂಜಾನೆ ಏನಾತ್ರೀ ಸರ್?

ನಾನು ಓದಿದ ಸಾಲಿಯ ಗೋಡೆಗೆ ಒಂದು ಚಿತ್ರಪಟ ನೇತುಹಾಕಿದ್ದರು. ಕಾಡಿಗೆ ಬಳಿದಂಥ ರಾತ್ರಿ. ಸಿಡಿಲು ಬಡಿದ ಮರವೊಂದು ಧಗಧಗ ಉರಿಯುತ್ತಿದೆ. ತೊಗಲು ಸುತ್ತಿಕೊಂಡ ಐದಾರು ಮಂದಿ. ಒಬ್ಬ ಗಂಡಸು ಬೆಂಕಿಯತ್ತ ಕೈ ಚಾಚಿದ್ದಾನೆ. ಹಿಂದೆ ಒಬ್ಬ ಹೆಂಗಸು ಕೂಸನ್ನು ಎದೆಗವಚಿಕೊಂಡು ಸರಿದು ನಿಂತಿದ್ದಾಳೆ. ಆದಿಮಾನವ ಮೊದಲ ಸಲ ಬೆಂಕಿ ಕಂಡ ರಾತ್ರಿಯದು. ನಮ್ಮ ಮಸರಕಲ್ಲಿನಲ್ಲಿ ಕರೆಂಟು ಹೋದರೆ ತಾಸುಗಟ್ಟಲೆ ಬರದಿದ್ದ ಕಾಲ; ಆ ಕತ್ತಲೆಯೇನೂ ನನಗೆ ಹೊಸದಾಗಿರಲಿಲ್ಲ. ಒಂದು ದಿನ ಎದ್ದು ನಿಂತು ಕೇಳಿದೆ: ‘ಸರ್, ಮುಂಜಾನೆ ಏನಾತ್ರೀ?’ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ‘ಮುಂಜಾನೆ ಬೂದಿ ಆತಲೇ, ಕುಂದ್ರು’ ಅಂದರು ಮಾಸ್ತರರು.

ಅದು ತಮಾಷೆಯಲ್ಲ, ಸರಿಯಾದ ಉತ್ತರ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಮೊದಲ ಬೆಂಕಿಯನ್ನು ಕಲಾವಿದರು ಈ ರೀತಿ ಊಹಿಸುವುದು ಹಳೆಯ ರೂಢಿ. ಗಾಳಿಗೆ ಮರದ ಕೊಂಬೆಗಳು ಉಜ್ಜಿ ಬೆಂಕಿ ಹತ್ತಿತು, ಜನ ಹೆದರಿ ಓಡಿದರು, ಉರಿ ತಗ್ಗಿದ ಮೇಲೆ ಹತ್ತಿರ ಬಂದು ಮೈ ಕಾಸಿಕೊಂಡರು, ಅಲ್ಲಿ ಕೂಡಿದಾಗಲೇ ಮಾತು ಹುಟ್ಟಿತು ಎಂದು ರೋಮಿನ ವಾಸ್ತುಕಾರ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ಬರೆದ. ಇಟಲಿಯ ಪಿಯೆರೊ ಡಿ ಕೋಸಿಮೊ 1505ರ ಸುಮಾರಿಗೆ ಬರೆದ ಕಾಳ್ಗಿಚ್ಚಿನ ಚಿತ್ರ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಸಿಂಹ, ಕರಡಿ, ಹಕ್ಕಿಗಳು ದಿಕ್ಕಾಪಾಲು. ಒಂದೆರಡು ಪ್ರಾಣಿಗಳಿಗೆ ಮನುಷ್ಯರ ಮುಖ. ನನ್ನ ಕಣ್ಣು ನಿಂತದ್ದು ಮಾತ್ರ ಒಂದು ಪಕ್ಕದಲ್ಲಿ ನೊಗ ಹೊತ್ತು ದನಗಳ ಹಿಂದೆ ಬರುವ ದನಗಾಹಿಯ ಮೇಲೆ. ದೇವದುರ್ಗದ ಯಾವುದೋ ದೊಡ್ಡಿಯಿಂದ ಹೊರಟು ಬಂದವನ ಹಾಗಿದ್ದಾನೆ!

ಚಿತ್ರಕಾರ ಉರಿಯನ್ನು ನೋಡಿದರೆ ಪುರಾತತ್ವದವರು ಬೂದಿಯನ್ನು ನೋಡುತ್ತಾರೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಟ್ಟ ಎಲುಬಿನ ಚೂರು, ಗಿಡದ ಬೂದಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡೇ ಹತ್ತು ಲಕ್ಷ ವರ್ಷಗಳ ಹಿಂದೆ ಅಲ್ಲಿ ಬೆಂಕಿಯಿತ್ತು ಎಂದು 2012ರಲ್ಲಿ ಹೇಳಿದರು. ನಮ್ಮ ತಿಂಥಣಿ ಸೇತುವೆ ದಾಟಿ ಸುರಪುರ ಸೀಮೆಗೆ ಹೋದರೆ ಹುಣಸಗಿ ಬಳಿಯ ಇಸಾಂಪುರದಲ್ಲಿ ಅಷ್ಟೇ ಪ್ರಾಚೀನವೆನ್ನುವ ಕಲ್ಲಿನ ಆಯುಧಗಳು ಸಿಕ್ಕಿವೆ. ಆದರೆ ನಮ್ಮ ನೆಲ ಬೆಂಕಿಯ ಲೆಕ್ಕವನ್ನು ರಾಶಿ ರಾಶಿಯಾಗಿ ಇಟ್ಟದ್ದು ಬಹಳ ಈಚೆಗೆ, ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ. ಅವೇ ಬೂದಿದಿಬ್ಬಗಳು.

ರಾಯಚೂರು, ಯಾದಗಿರಿ, ಬಳ್ಳಾರಿಯ ಬಯಲಲ್ಲಿ ಇವು ಹಬ್ಬಿವೆ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿ ಬಳಿ ಒಂದಿದೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಜನರ ಊಹೆಯನ್ನು ಹಗುರವಾಗಿ ಕಾಣಬೇಕಿಲ್ಲ, ಓದಿದವರೂ ಬೇಕಾದ್ದನ್ನೆಲ್ಲ ಊಹಿಸಿದ್ದಾರೆ. ಅಷ್ಟೊಂದು ಬೂದಿ, ಅದರಲ್ಲಿ ಕರಗಿ ಗಾಜಿನಂತಾದ ಕಿಟ್ಟ, ಏನು ಸುಟ್ಟಿರಬಹುದು? ಹತ್ತೊಂಬತ್ತನೆಯ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ‘ಸೆಗಣಿ’ ಅಂದ. ಎಫ್. ಇ. ಝಾಯ್ನರ್ 1960ರ ಹೊತ್ತಿಗೆ ಬೂದಿಯನ್ನು ಪರೀಕ್ಷಿಸಿ ಅದನ್ನೇ ಖಚಿತಪಡಿಸಿದ.

1957ರಲ್ಲಿ ರಾಯಚೂರಿನ ನೆರೆಯ, ಆಗಿನ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಎಫ್. ಆರ್. ಆಲ್ಚಿನ್ ಅಗೆಸಿದರು. ಅದಕ್ಕೆ ಮೊದಲು ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಅಗೆದವರು ಅವರೇ. ಉಟ್ನೂರಿನಲ್ಲಿ ಪದರು ಪದರು ಬೂದಿಯ ನಡುವೆ ಗೂಟ ನೆಟ್ಟ ಕುಳಿಗಳ ಸಾಲು ಕಂಡಿತು: ದನದ ದೊಡ್ಡಿಯ ಬೇಲಿ. ಸುಟ್ಟಿದ್ದಾರೆ, ಮತ್ತೆ ಬೇಲಿ ಕಟ್ಟಿದ್ದಾರೆ, ಮತ್ತೆ ಸುಟ್ಟಿದ್ದಾರೆ. ಬೂದಿಯ ಮೇಲೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು.

ಇದನ್ನು ಓದಿದ ರಾತ್ರಿ ನನಗೆ ಅಜ್ಜಿ ನೆನಪಾದಳು. ಊಟವಾದ ಮೇಲೆ ಒಲೆಯ ಕೆಂಡವನ್ನು ಒಂದೆಡೆ ಕೂಡಿಸಿ ಮೇಲೆ ಬೂದಿ ಮುಚ್ಚಿ ಮಲಗುವಳು. ನಸುಕಿನಲ್ಲಿ ಎದ್ದು ಬೂದಿ ಕೆದರಿ, ಕುಳ್ಳಿನ ಚೂರಿಟ್ಟು ಊದುವಳು. ಕೆಂಡ ಆರಿದ್ದರೆ ಕುಳ್ಳು ಹಿಡಿದು ನೆರೆಮನೆಗೆ ಓಡುವವನು ನಾನು. ಚಿತ್ರಪಟದ ಆ ಹೆಂಗಸು ಯಾಕೆ ಹಿಂದೆ ನಿಂತಿದ್ದಳೋ! ಮರ ಉರಿದು ಆರಿದ ಮೇಲೆ ಕೆಂಡ ಕಾಯಬೇಕಾದವಳು ಅವಳೇ ಇರಬೇಕಲ್ಲ?

ದೊಡ್ಡಿಯನ್ನು ಯಾಕೆ ಸುಟ್ಟರು? ಋತು ತಿರುಗಿದಾಗಿನ ಆಚರಣೆ ಇದ್ದೀತು ಎಂದು ಆಲ್ಚಿನ್ ಯೋಚಿಸಿದರು; ಹಬ್ಬದ ಬೆಂಕಿ, ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಗಳನ್ನು ಅದರ ಜೊತೆಗಿಟ್ಟು ನೋಡಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ (ಹೆಸರಲ್ಲೇ ಬೂದಿ!) ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದಾಗ ದೊಡ್ಡಿಯ ಮಗ್ಗುಲಿಗೇ ಜನರ ಮನೆಗಳೂ, ದನ ಕೊಯ್ದ ಜಾಗವೂ ಸಿಕ್ಕವು. ಕೂಡಿಬಿದ್ದ ಸೆಗಣಿಯನ್ನು ಆಗಾಗ ಸುಟ್ಟು ಹಸನು ಮಾಡುತ್ತಿದ್ದರು ಎಂಬ ವಿವರಣೆಯೂ ಇದೆ. ನನಗೆ ಎರಡೂ ಬೇಕು. ಅಂಗಳ ಸಾರಿಸುವುದು ಹಸನವೋ ಹಬ್ಬವೋ ಎಂದು ನಮ್ಮ ಅಜ್ಜಿಯನ್ನು ಕೇಳಿದ್ದರೆ ನಗುತ್ತಿದ್ದಳು. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುವವರ ಮುಖ ನೋಡಿದ್ದೇನೆ. ಅರ್ಧ ಬೆಳಕು, ಅರ್ಧ ಕತ್ತಲು. ಅವರಲ್ಲಿ ಒಬ್ಬರೂ ಪಟದವನ ಹಾಗೆ ಬೆರಗಾಗಿ ನಿಂತಿರಲಿಲ್ಲ. ಬೆಂಕಿ ಅವರ ಬಳಗದ್ದೇ.

ದಿಬ್ಬಗಳು ಮಾತ್ರ ಕರಗುತ್ತಿವೆ. ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಿಂದೆ ಬಂಡಿಯಲ್ಲಿ ಹೋಗುತ್ತಿತ್ತು, ಈಗ ಟ್ರ್ಯಾಕ್ಟರ್. ಹೊಲದವರನ್ನು ಬೈಯಲು ನನಗೆ ಬಾಯಿ ಬಾರದು. ದನದ ಸೆಗಣಿ ಹೊಲ ಸೇರುವುದರಲ್ಲಿ ತಪ್ಪೇನು ಎಂದು ಅವರು ಕೇಳಿದರೆ, ಆ ಟ್ರ್ಯಾಕ್ಟರಿನಲ್ಲಿ ಗೊರಸಿನ ಗುರುತೂ ಹೋಗುತ್ತದಲ್ಲ ಎನ್ನಬಹುದು, ಅಷ್ಟೆ.

ಆ ಗುರುತು ಮೂಡಬೇಕಾದರೆ ಬೆಂಕಿ ಆರಿ ಬೂದಿ ತಣ್ಣಗಾಗಿರಬೇಕು. ಯಾರೋ ಹೊಸ ಗೂಟ ನೆಟ್ಟಿರಬೇಕು. ಸಂಜೆ ಯಾರೋ ಹೋ ಎಂದು ಕೂಗಿ ದನಗಳನ್ನು ಮತ್ತೆ ಒಳಗೆ ಹೊಡೆದಿರಬೇಕು.