ಮಕ್ಕಳ ಆಟ, ತಾಯಂದಿರ ಪಾಠ

ತಾಯಿಯೇ ಮೊದಲ ಗುರು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆದರೆ ಆ ಮೊದಲ ಗುರುವಿಗೆ ಪಾಠ ಹೇಳುವವರು ಯಾರು ಎಂದು ಕೇಳಿಕೊಂಡವರು ವಿರಳ. ಶಾಲೆಯ ಉಪಾಧ್ಯಾಯರಿಗೆ ತರಬೇತಿ ಬೇಕೆಂಬುದನ್ನು ಲೋಕವೇ ಒಪ್ಪಿದೆ. ತಂದೆತಾಯಿಗಳಿಗೆ ಮಾತ್ರ ಆ ವಿದ್ಯೆ ತಾನಾಗಿ ಬರುತ್ತದೆಂಬ ನಂಬಿಕೆ. ಈ ನಂಬಿಕೆಯನ್ನು ಬದಿಗಿರಿಸಿ, ಮಕ್ಕಳ ಆಟದ ಅಂಗಳದಲ್ಲಿಯೇ ದೊಡ್ಡವರ ಪಾಠಶಾಲೆಯನ್ನು ತೆರೆದ ಒಂದು ಚಳವಳಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಬೆಳೆಯಿತು. ಅದರ ಹೆಸರು ಪ್ಲೇಸೆಂಟರ್. ಆಟದ ಕೇಂದ್ರವೆಂದು ನಾವು ಕರೆಯಬಹುದಾದ ಆ ಸಂಸ್ಥೆಯ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸೋಣ.

ಆ ದೇಶಕ್ಕೆ ಶಿಶುವಿಹಾರ ಹೊಸದಾಗಿರಲಿಲ್ಲ. 1889ರಷ್ಟು ಹಿಂದೆಯೇ ಡನೀಡಿನ್ ನಗರದಲ್ಲಿ ಬಡ ಮಕ್ಕಳಿಗಾಗಿ ಉಚಿತ ಕಿಂಡರ್‌ಗಾರ್ಟನ್ ತೆರೆದಿತ್ತು. ಆದರೆ ಅಲ್ಲಿ ಕಲಿಸುವವಳು ತರಬೇತಿ ಪಡೆದ ಉಪಾಧ್ಯಾಯಿನಿ. ತಾಯಿ ಮಗುವನ್ನು ಬಾಗಿಲವರೆಗೆ ತಂದು ಬಿಟ್ಟು ಹಿಂತಿರುಗುವವಳು. 1937ರಲ್ಲಿ ನವಶಿಕ್ಷಣ ಚಳವಳಿಯ ಸಮ್ಮೇಳನವೊಂದು ನ್ಯೂಜಿಲೆಂಡಿನಲ್ಲಿ ನೆರೆಯಿತು. ಉಪಾಧ್ಯಾಯರು ಉಪನ್ಯಾಸಗಳನ್ನು ಕೇಳಲೆಂದು ಶಾಲೆಗಳಿಗೆ ಮುಂಚಿತವಾಗಿಯೇ ರಜೆ ಕೊಡಲಾಯಿತು. ಅಂದು ಬಂದಿದ್ದ ವಿದ್ವಾಂಸರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಸೂಸನ್ ಐಸಾಕ್ಸ್ ಒಬ್ಬರು. ಆಟವು ಮಗುವಿನ ಕಾಲಹರಣವಲ್ಲ, ಅದು ಮಗುವಿನ ಚಿಂತನೆಯೇ ಎಂಬ ಅವರ ನಿಲುವು ಅನೇಕರ ಮನಸ್ಸಿನಲ್ಲಿ ನೆಲೆಯೂರಿತು.

ಅನಂತರ ಮಹಾಯುದ್ಧ ಬಂದಿತು. ಗಂಡಂದಿರು ಕಡಲಾಚೆಗೆ ಹೋದರು. ಎಳೆಯ ಮಕ್ಕಳೊಡನೆ ಮನೆಯಲ್ಲಿ ಉಳಿದ ತಾಯಂದಿರಿಗೆ ಬಿಡುವೂ ಇಲ್ಲ, ಜೊತೆಯೂ ಇಲ್ಲ. ಈ ಸನ್ನಿವೇಶದಲ್ಲಿ, 1941ರಲ್ಲಿ, ವೆಲಿಂಗ್ಟನ್ ನಗರದ ಕರೋರಿ ಬಡಾವಣೆಯಲ್ಲಿ ಮೊದಲ ಆಟದ ಕೇಂದ್ರ ತೆರೆಯಿತು. ಬಿಯಾಟ್ರಿಸ್ ಬೀಬಿ, ಜೋನ್ ವುಡ್, ಇಂಗಾ ಸ್ಮಿಥೆಲ್ಸ್ ಮೊದಲಾದ ಮಹಿಳೆಯರು ಇದರ ಹಿಂದಿದ್ದರು. ತಾಯಂದಿರು ಸರದಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವುದು, ಸರದಿಯಿಲ್ಲದವರು ವಾರಕ್ಕೆ ಒಂದೆರಡು ಹೊತ್ತು ವಿಶ್ರಾಂತಿ ಪಡೆಯುವುದು, ಇಷ್ಟು ಸರಳವಾದ ಏರ್ಪಾಡು ಅದು.

ಆದರೆ ಸರದಿಗೆ ಬಂದ ತಾಯಿಗೆ ಒಂದು ತೊಡಕು ಎದುರಾಗುತ್ತದೆ. ತನ್ನ ಮಗುವನ್ನು ಅವಳು ಬಲ್ಲಳು. ಇಪ್ಪತ್ತು ಮಕ್ಕಳ ನಡುವೆ ಏನು ಮಾಡಬೇಕು? ಒಬ್ಬನು ಮರಳನ್ನು ಎರಚುತ್ತಾನೆ, ಮತ್ತೊಬ್ಬಳು ಮಾತೇ ಆಡದೆ ಮೂಲೆಯಲ್ಲಿ ನಿಂತಿದ್ದಾಳೆ. ಗದರಿಸಬೇಕೆ, ಕಾಯಬೇಕೆ? ಈ ಪ್ರಶ್ನೆಗಳಿಂದಲೇ ವಯಸ್ಕರ ತರಬೇತಿ ಅನಿವಾರ್ಯವಾಯಿತು. ಅದಕ್ಕೆ ರೂಪ ಕೊಟ್ಟವರಲ್ಲಿ ಅಗ್ರಗಣ್ಯರು ಗ್ವೆನ್ ಸಾಮರ್‌ಸೆಟ್. ಅವರು ಪತಿ ಕ್ರಾಫರ್ಡ್ ಅವರೊಡನೆ 1938ರಿಂದ ಸುಮಾರು ಒಂದು ದಶಕ ಫೀಲ್ಡಿಂಗ್ ಎಂಬ ಊರಿನಲ್ಲಿ ಸಮುದಾಯ ಕೇಂದ್ರವನ್ನು ನಡೆಸಿ, ವಯಸ್ಕರ ಶಿಕ್ಷಣದಲ್ಲಿ ನುರಿತಿದ್ದರು. 1948ರಲ್ಲಿ ಆಟದ ಕೇಂದ್ರಗಳ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದಾಗ ಅವರೇ ಅದರ ಪ್ರಥಮ ಅಧ್ಯಕ್ಷೆ. ಮರುವರ್ಷ ಅವರು ಬರೆದ ಕಿರುಪುಸ್ತಕವೊಂದು ಸಾಮಾನ್ಯ ತಾಯಂದಿರ ಕೈಪಿಡಿಯಾಯಿತು.

ಆ ತರಬೇತಿಯ ವೈಶಿಷ್ಟ್ಯವೇನು? ಮೊದಲ ಪಾಠ, ನೋಡುವುದು. ತಾಯಿಯು ಕಾಗದ ಪೆನ್ಸಿಲು ಹಿಡಿದು ಒಂದು ಮಗುವಿನ ಆಟವನ್ನು ಕೆಲವು ನಿಮಿಷ ಗಮನಿಸಿ, ಕಂಡದ್ದನ್ನು ಮಾತ್ರ ಬರೆಯಬೇಕು. ‘ತುಂಟ’, ‘ಜಾಣೆ’ ಎಂಬ ತೀರ್ಪು ಅದರಲ್ಲಿ ಬರಕೂಡದು. ಹೀಗೆ ಬರೆಯತೊಡಗಿದಾಗ, ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಮಗು ಹಾಳು ಮಾಡುತ್ತಿಲ್ಲ, ಅಳೆಯುತ್ತಿದೆ ಎಂಬುದು ತಾನಾಗಿ ಹೊಳೆಯುತ್ತದೆ. ಎರಡನೆಯ ಪಾಠ, ಕೂಡಿ ಚರ್ಚಿಸುವುದು. ಮೂರನೆಯದು, ಹೊಣೆ ಹೊರುವುದು. ಇಂದು ಸಹಾಯಕಿಯಾಗಿ ಬಂದವಳು ಹಂತಹಂತವಾಗಿ ಕಲಿತು ಕೇಂದ್ರವನ್ನು ನಡೆಸುವವಳಾಗುತ್ತಾಳೆ. ಮುಂದೆ ಇತರರಿಗೆ ಕಲಿಸುವವಳೂ ಆಗುತ್ತಾಳೆ. ಲೆಕ್ಕ ಬರೆಯುವುದು, ಸಭೆ ನಡೆಸುವುದು, ಸರ್ಕಾರಕ್ಕೆ ಅರ್ಜಿ ಬರೆಯುವುದು ಇವೆಲ್ಲವೂ ಅಲ್ಲಿ ಪಾಠಗಳೇ. ಶಾಲೆಯನ್ನು ಬೇಗನೆ ಬಿಟ್ಟಿದ್ದ ಮಹಿಳೆಗೆ ಇದು ವಿದ್ಯೆಯ ಎರಡನೆಯ ಬಾಗಿಲು.

ಈ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತೇ? ಈ ಪ್ರಶ್ನೆಯೂ ಎದ್ದಿತು. 1960ರ ದಶಕದಲ್ಲಿ ಮಾವೊರಿ ಶಿಕ್ಷಣ ಪ್ರತಿಷ್ಠಾನದ ಪರವಾಗಿ ಲೆಕ್ಸ್ ಗ್ರೇ ಎಂಬವರು ಗ್ರಾಮಗಳಲ್ಲಿ ಸಂಚರಿಸಿ, ಮಾವೊರಿ ಕುಟುಂಬಗಳು ತಮ್ಮ ಕೇಂದ್ರಗಳನ್ನು ತಾವೇ ಕಟ್ಟಿಕೊಳ್ಳಲು ಪ್ರೋತ್ಸಾಹಿಸಿದರು. ಆದರೂ ನುಡಿಯನ್ನು ಉಳಿಸಿಕೊಳ್ಳುವ ಹಂಬಲಕ್ಕೆ ಬೇರೆಯದೇ ನೆಲೆ ಬೇಕಾಗಿತ್ತು. 1982ರಲ್ಲಿ ‘ಭಾಷೆಯ ಗೂಡು’ ಎಂಬರ್ಥದ ಕೊಹಾಂಗ ರೇಯೊ ಆರಂಭವಾಯಿತು. ಅಲ್ಲಿಯೂ ಮಗುವಿನೊಡನೆ ಕುಟುಂಬ ಕಲಿಯುವುದೇ ಮೂಲತತ್ತ್ವ.

ಕಾಲ ಬದಲಾಯಿತು. ತಾಯಂದಿರು ಹೆಚ್ಚು ಹೆಚ್ಚಾಗಿ ಉದ್ಯೋಗಕ್ಕೆ ಹೊರಟರು. ಸರದಿಗೆ ಬರುವವರು ಕಡಿಮೆಯಾದರು. 2002ರ ಸರ್ಕಾರಿ ಯೋಜನೆ ಶಿಶುಶಿಕ್ಷಣವನ್ನು ಉಪಾಧ್ಯಾಯರು ನಡೆಸುವುದು, ಪೋಷಕರು ನಡೆಸುವುದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ಅರ್ಹ ಉಪಾಧ್ಯಾಯರ ಸಂಖ್ಯೆಯನ್ನು ಹೆಚ್ಚಿಸುವ ಗುರಿಯಿಟ್ಟಿತು. 2007ರಲ್ಲಿ ವಾರಕ್ಕೆ 20 ಗಂಟೆಗಳ ಶಿಕ್ಷಣವೆಚ್ಚವನ್ನು ಸರ್ಕಾರ ಭರಿಸತೊಡಗಿದಾಗ ಆಟದ ಕೇಂದ್ರಗಳು ಹೊರಗುಳಿದವು. 2010ರಲ್ಲಿ ಮಾತ್ರ ಅವುಗಳಿಗೂ ಆ ಸೌಲಭ್ಯ ದೊರೆಯಿತು. ಆ ಮೂರು ವರ್ಷಗಳ ಅಂತರದಲ್ಲಿ ಒಂದು ತೀರ್ಪು ಅಡಗಿತ್ತು. ಪದವಿ ಪಡೆದವರ ವಿದ್ಯೆಯೊಂದೇ ವಿದ್ಯೆ, ತಾಯಿ ಕಲಿತದ್ದು ಬರಿಯ ಅನುಭವ ಎಂಬ ತೀರ್ಪು ಅದು.

ಚಳವಳಿ ಇದಕ್ಕೆ ಕೊಟ್ಟ ಉತ್ತರ ತನ್ನ ತರಬೇತಿಯನ್ನೇ ಬಲಪಡಿಸುವುದಾಗಿತ್ತು. ಪೋಷಕರಿಂದ ಶುಲ್ಕ ಪಡೆಯದೆ, ರಾಷ್ಟ್ರದ ಅರ್ಹತಾ ವ್ಯವಸ್ಥೆ ಮನ್ನಿಸುವ ನಾಲ್ಕನೆಯ ಹಂತದ ಪ್ರಮಾಣಪತ್ರದವರೆಗೆ ಅದು ಅವರನ್ನು ಒಯ್ಯುತ್ತದೆ. 1996ರ ರಾಷ್ಟ್ರೀಯ ಶಿಶುಪಠ್ಯಕ್ರಮದ ಹೆಸರು ‘ತೆ ಫಾರಿಕಿ’. ಹೆಣೆದ ಚಾಪೆಯೆಂದು ಅದರ ಅರ್ಥ. ಆ ಚಾಪೆಯ ಮೇಲೆ ಕೂರುವ ಹಕ್ಕು ಅಮ್ಮನಿಗೂ ಅಪ್ಪನಿಗೂ ಉಂಟೆಂಬುದು ಈ ಕೇಂದ್ರಗಳ ವಾದ.

ಇದರಲ್ಲಿ ಸಂದಿಗ್ಧವಿಲ್ಲವೆಂದಲ್ಲ. ಕೂಲಿಯಿಲ್ಲದ ದುಡಿಮೆಯ ಮೇಲೆ ನಿಂತ ಸಂಸ್ಥೆ ಬಿಡುವುಳ್ಳವರಿಗೆ ಮಾತ್ರ ಎಟುಕುವ ಅಪಾಯವಿದೆ. ಎರಡು ಪಾಳಿ ದುಡಿಯುವ ತಾಯಿಗೆ ಬೇಕಾದದ್ದು ನಂಬಿಕೆಯ ಆಸರೆ, ಸಂಜೆಯ ಪಾಠವಲ್ಲ. ಆದ್ದರಿಂದ ಉಪಾಧ್ಯಾಯಿನಿಯ ಸ್ಥಾನವನ್ನು ಈ ಕೇಂದ್ರಗಳು ತುಂಬಬಲ್ಲವೆಂದು ಯಾರೂ ಹೇಳಲಾರರು. ಆದರೆ ಉಪಾಧ್ಯಾಯಿನಿ ಎಷ್ಟೇ ಸಮರ್ಥಳಾಗಿರಲಿ, ಅವಳ ಬಳಿ ಮಗು ಉಳಿಯುವುದು ಕೆಲವೇ ವರ್ಷ. ಮಗುವನ್ನು ನೋಡಬಲ್ಲ ಕಣ್ಣು ಒಮ್ಮೆ ತಾಯಿಗೆ ದೊರೆತರೆ ಅದು ಅವಳೊಡನೆ ಮನೆಗೆ ಹೋಗುತ್ತದೆ, ಮುಂದಿನ ಮಗುವಿಗೂ ನೆರೆಮನೆಯ ಮಗುವಿಗೂ ಒದಗುತ್ತದೆ. ಎಂಟು ದಶಕಗಳನ್ನು ದಾಟಿದ ಈ ಪ್ರಯೋಗದ ಗಳಿಕೆಯನ್ನು ಮಕ್ಕಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಅಲ್ಲಿ ಕಲಿತ ದೊಡ್ಡವರನ್ನೂ ಎಣಿಕೆಗೆ ಸೇರಿಸಿಕೊಳ್ಳಬೇಕು.