ಅರಣ್ಯ ಜೈವಿಕ ಆರ್ಥಿಕತೆ: ಸಂಶೋಧನೆಗೆ ಸರ್ಕಾರದ ಹಣ, ಕಾಡಿನ ಲೆಕ್ಕ ಯಾರ ಹೊಣೆ?

2018ರ ಡಿಸೆಂಬರ್ 6ರಂದು ಫಿನ್ಲೆಂಡ್‌ನ ಸ್ವಾತಂತ್ರ್ಯ ದಿನದ ಔತಣಕೂಟ ನಡೆಯಿತು. ಅಂದಿನ ಅಧ್ಯಕ್ಷ ಸೌಲಿ ನಿನಿಸ್ಟೊ ಅವರ ಪತ್ನಿ ಯೆನ್ನಿ ಹೌಕಿಯೊ ಅಲ್ಲಿ ತೊಟ್ಟಿದ್ದ ಬಿಳಿಯ ಉಡುಪು ಎಲ್ಲರ ಗಮನ ಸೆಳೆಯಿತು. ಅದು ಹತ್ತಿಯದ್ದಾಗಿರಲಿಲ್ಲ, ರೇಷ್ಮೆಯದ್ದೂ ಆಗಿರಲಿಲ್ಲ. ಬರ್ಚ್ ಮರದ ತಿರುಳಿನಿಂದ ತೆಗೆದ ನೂಲಿನಲ್ಲಿ ಅದನ್ನು ನೇಯಲಾಗಿತ್ತು. ಆಲ್ಟೊ ವಿಶ್ವವಿದ್ಯಾಲಯ ಹಾಗೂ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಭಿವೃದ್ಧಿಪಡಿಸಿದ 'ಅಯಾನ್‌ಸೆಲ್' ಎಂಬ ವಿಧಾನದಿಂದ ಆ ನೂಲು ತಯಾರಾಗಿತ್ತು. ಮರದ ತಿರುಳಿನಿಂದ ವಿಸ್ಕೋಸ್ ನೂಲು ತೆಗೆಯುವ ಹಳೆಯ ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ವಿಷಕಾರಿ ರಾಸಾಯನಿಕ ಬೇಕಾಗುತ್ತದೆ. ಹೊಸ ವಿಧಾನದಲ್ಲಿ ಅದರ ಅಗತ್ಯವಿಲ್ಲ.

ಅಂದು ಆ ಬಟ್ಟೆ ಇನ್ನೂ ಪ್ರಯೋಗಾಲಯದ ಮಟ್ಟದಲ್ಲಿತ್ತು. ಹಾಗಿದ್ದರೂ ಅದು ಒಂದು ದೇಶದ ಧ್ಯೇಯವನ್ನು ಸೂಚಿಸುವ ಬಟ್ಟೆಯಾಗಿತ್ತು. ಪೆಟ್ರೋಲಿಯಂನಿಂದ ಆಗುವ ಕೆಲಸವನ್ನು ಮರದಿಂದ ಮಾಡಿಸಬೇಕೆಂಬುದೇ ಆ ಧ್ಯೇಯ. ಇದಕ್ಕಾಗಿ ಯುರೋಪಿನ ಸರ್ಕಾರಗಳು ಎರಡು ದಶಕಗಳಿಂದ ಜಂಟಿ ಸಂಶೋಧನೆಗೆ ಹಣ ತೊಡಗಿಸುತ್ತ ಬಂದಿವೆ. ಈ ಹಣ ಹೇಗೆ ಹರಿಯುತ್ತದೆ, ಅದರಿಂದ ಏನಾಗಿದೆ, ಎಲ್ಲಿ ಎಡವಟ್ಟಾಗಿದೆ ಎಂಬುದು ಅರಣ್ಯವುಳ್ಳ ಎಲ್ಲ ನಾಡುಗಳಿಗೂ ಪ್ರಸ್ತುತವಾದ ವಿಷಯ.

ಏನಿದು ಜೈವಿಕ ಆರ್ಥಿಕತೆ?

ಭೂಮಿ, ಕಾಡು ಮತ್ತು ಕಡಲಿನ ಸಜೀವ ಸಂಪನ್ಮೂಲಗಳಿಂದ ಆಹಾರ, ಇಂಧನ, ವಸ್ತುಗಳನ್ನು ಉತ್ಪಾದಿಸುವ ವ್ಯವಸ್ಥೆಗೆ 'ಜೈವಿಕ ಆರ್ಥಿಕತೆ' ಎಂದು ಹೆಸರು. ಯುರೋಪಿಯನ್ ಆಯೋಗವು 2012ರ ಫೆಬ್ರುವರಿಯಲ್ಲಿ ಈ ಕುರಿತ ತನ್ನ ಮೊದಲ ಕಾರ್ಯತಂತ್ರವನ್ನು ಪ್ರಕಟಿಸಿತು. 2018ರಲ್ಲಿ ಅದನ್ನು ಪರಿಷ್ಕರಿಸಿ, 2025ರಲ್ಲಿ ಹೊಸ ಕಾರ್ಯತಂತ್ರವನ್ನು ಮುಂದಿಟ್ಟಿತು. ಭೂಪ್ರದೇಶದ ಸುಮಾರು ಮುಕ್ಕಾಲು ಪಾಲು ಕಾಡಿರುವ ಫಿನ್ಲೆಂಡ್ 2014ರಲ್ಲಿಯೇ ತನ್ನದೇ ಆದ ಜೈವಿಕ ಆರ್ಥಿಕತಾ ಕಾರ್ಯತಂತ್ರವನ್ನು ರೂಪಿಸಿಕೊಂಡಿತು.

ಮರದ ದಿಮ್ಮಿಯೆಂದರೆ ಕೇವಲ ಹಲಗೆ, ಕಾಗದಗಳ ಕಚ್ಚಾವಸ್ತುವಲ್ಲ ಎಂಬುದು ಈ ವಿಚಾರದ ತಳಹದಿ. ಒಣಗಿದ ಮರದಲ್ಲಿ ಶೇ 40ರಿಂದ 45ರಷ್ಟು ಸೆಲ್ಯುಲೋಸ್ ನಾರು ಇರುತ್ತದೆ. ಉಳಿದುದರಲ್ಲಿ ಹೆಚ್ಚಿನ ಭಾಗ ಹೆಮಿಸೆಲ್ಯುಲೋಸ್ ಮತ್ತು ನಾರುಗಳನ್ನು ಅಂಟಿನಂತೆ ಬಂಧಿಸುವ ಲಿಗ್ನಿನ್. ಕಾಗದದ ಕಾರ್ಖಾನೆಗಳು ಬಹುಕಾಲದಿಂದ ಸೆಲ್ಯುಲೋಸನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಹುಪಾಲು ಬಾಯ್ಲರಿನಲ್ಲಿ ಉರಿಸುತ್ತ ಬಂದಿವೆ.

ಈ 'ಮಿಕ್ಕಿದ್ದರಿಂದ' ಬೆಲೆಬಾಳುವ ವಸ್ತುಗಳನ್ನು ತೆಗೆಯಬಹುದೆಂಬುದು ಹಳೆಯ ಅನುಭವ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿ ಬಳಸುವ ಝೈಲಿಟಾಲ್ ಎಂಬ ಸಿಹಿವಸ್ತುವನ್ನು ಬರ್ಚ್ ಮರದಿಂದ ವಾಣಿಜ್ಯ ಪ್ರಮಾಣದಲ್ಲಿ ತಯಾರಿಸುವ ಕೆಲಸ ಫಿನ್ಲೆಂಡಿನಲ್ಲಿ 1970ರ ದಶಕದಲ್ಲೇ ಆರಂಭವಾಯಿತು. ಪೈನ್ ಮರದ ತಿರುಳು ಬೇಯಿಸುವಾಗ ದೊರೆಯುವ ಟಾಲ್ ಎಣ್ಣೆಯಿಂದ ಯುಪಿಎಂ ಕಂಪೆನಿಯು ಲಪ್ಪೇನ್‌ರಾಂಟ ಪಟ್ಟಣದಲ್ಲಿ 2015ರಿಂದ ಡೀಸೆಲ್ ಉತ್ಪಾದಿಸುತ್ತಿದೆ. ಅರಣ್ಯ ಮಾಲೀಕರ ಸಹಕಾರ ಸಂಘದ ಒಡೆತನದ ಮೆಟ್ಸಾ ಗ್ರೂಪ್ 120 ಕೋಟಿ ಯೂರೊ ವೆಚ್ಚದಲ್ಲಿ ಆನೆಕೊಸ್ಕಿಯಲ್ಲಿ ಸ್ಥಾಪಿಸಿದ ಕಾರ್ಖಾನೆ 2017ರಲ್ಲಿ ಕೆಲಸ ಆರಂಭಿಸಿತು. ಅದು ತಿರುಳಿನ ಜೊತೆಗೆ ತನ್ನ ಅಗತ್ಯಕ್ಕಿಂತ ಹೆಚ್ಚಿನ ವಿದ್ಯುತ್ತನ್ನೂ ಉತ್ಪಾದಿಸುತ್ತದೆ.

ಸರ್ಕಾರದ ಹಣ ಏಕೆ ಬೇಕು?

ಹೊಸ ನಾರನ್ನೋ ಹೊಸ ರಾಸಾಯನಿಕವನ್ನೋ ಪ್ರಯೋಗಾಲಯದಿಂದ ಕಾರ್ಖಾನೆಗೆ ತರಲು ಹತ್ತಾರು ವರ್ಷಗಳು ಹಿಡಿಯುತ್ತವೆ. ಅಷ್ಟು ಕಾಲ ಫಲ ಕಾಣದ ಕೆಲಸಕ್ಕೆ ಯಾವ ಕಂಪೆನಿಯೂ ಸುಲಭವಾಗಿ ಹಣ ಹೂಡುವುದಿಲ್ಲ. ಕೆಲವು ಸಂಶೋಧನೆಗಳಿಂದ ಲಾಭವೆಂಬುದೇ ಬರುವುದಿಲ್ಲ. ಕಾಡಿನಲ್ಲಿ ಎಷ್ಟು ಮರವಿದೆ, ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಮಣ್ಣಿನಲ್ಲಿ ಎಷ್ಟು ಇಂಗಾಲ ಅಡಗಿದೆ ಎಂಬುದನ್ನು ಅಳೆಯುವ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅಂತಹ ಕೆಲಸವನ್ನು ಸರ್ಕಾರವೇ ಮಾಡಿಸಬೇಕು.

ಫಿನ್ಲೆಂಡ್ ಇದನ್ನು ಬಹಳ ಮೊದಲೇ ಅರಿತಿತ್ತು. ಇಡೀ ದೇಶದ ಕಾಡನ್ನು ಅಡ್ಡಲಾಗಿ ಹಾಯ್ದು ಅಳೆಯುವ ಮೊದಲ ರಾಷ್ಟ್ರೀಯ ಅರಣ್ಯ ಗಣತಿ ಅಲ್ಲಿ 1921ರಿಂದ 1924ರವರೆಗೆ ಇರ್ಯೊ ಇಲ್ವೆಸ್ಸಾಲೊ ಅವರ ನೇತೃತ್ವದಲ್ಲಿ ನಡೆಯಿತು. ಅಂದಿನಿಂದ ಈ ಗಣತಿ ಮರಳಿ ಮರಳಿ ನಡೆಯುತ್ತ ಬಂದಿದೆ.

ಹಲವು ದೇಶ, ಒಂದು ಯೋಜನೆ

ಮರದ ಉಪಯೋಗದ ಕುರಿತು 'ವುಡ್ ವಿಸ್ಡಂ' ಎಂಬ ರಾಷ್ಟ್ರೀಯ ಸಂಶೋಧನಾ ಕಾರ್ಯಕ್ರಮವು ಫಿನ್ಲೆಂಡಿನಲ್ಲಿ 1998ರಿಂದ 2001ರವರೆಗೆ ನಡೆಯಿತು. ಒಂದು ಸಣ್ಣ ದೇಶದ ಪ್ರಯೋಗಾಲಯಗಳಷ್ಟರಿಂದಲೇ ಗುರಿ ಮುಟ್ಟುವುದು ಕಷ್ಟ. ಸ್ವೀಡನ್, ಜರ್ಮನಿ, ಆಸ್ಟ್ರಿಯ ಮುಂತಾದ ಕಾಡು ನಾಡುಗಳಲ್ಲೂ ಅದೇ ಪ್ರಶ್ನೆಗಳ ಮೇಲೆ ಪ್ರತ್ಯೇಕವಾಗಿ ಕೆಲಸ ನಡೆಯುತ್ತಿತ್ತು. ಒಂದೇ ಕೆಲಸ ನಾಲ್ಕು ಕಡೆ ನಡೆದರೆ ಹಣವೂ ಕಾಲವೂ ವ್ಯರ್ಥ.

ಇದಕ್ಕೆ ಪರಿಹಾರವಾಗಿ ಯುರೋಪಿಯನ್ ಒಕ್ಕೂಟವು 2002–2006ರ ತನ್ನ ಆರನೆಯ ಸಂಶೋಧನಾ ಚೌಕಟ್ಟಿನಲ್ಲಿ 'ಇಆರ್‌ಎ-ನೆಟ್' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇದು ವಿಜ್ಞಾನಿಗಳ ಕೂಟವಲ್ಲ, ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆಗಳ ಕೂಟ. ಅದರಡಿ 2004ರಲ್ಲಿ 'ವುಡ್‌ವಿಸ್ಡಂ-ನೆಟ್' ಹುಟ್ಟಿಕೊಂಡಿತು. ಅರಣ್ಯದ ಸುಸ್ಥಿರ ನಿರ್ವಹಣೆಯ ಕುರಿತು 'ಸಮ್‌ಫಾರೆಸ್ಟ್' ಎಂಬ ಇನ್ನೊಂದು ಕೂಟ 2014ರಲ್ಲಿ ಆರಂಭವಾಯಿತು. ಮರದ ಬಳಕೆ ಮತ್ತು ಕಾಡಿನ ನಿರ್ವಹಣೆ, ಈ ಎರಡೂ ಧಾರೆಗಳು 2017ರಲ್ಲಿ ಶುರುವಾದ 'ಫಾರೆಸ್ಟ್‌ವ್ಯಾಲ್ಯೂ' ಯೋಜನೆಯಲ್ಲಿ ಕೂಡಿಕೊಂಡವು. ಇದರ ಸಮನ್ವಯದ ಹೊಣೆ ಫಿನ್ಲೆಂಡಿನ ಕೃಷಿ ಮತ್ತು ಅರಣ್ಯ ಸಚಿವಾಲಯದ್ದಾಗಿತ್ತು.

ಹಣದ ಹರಿವು ಹೇಗೆ?

ಜಂಟಿ ಯೋಜನೆಯೆಂದರೆ ಎಲ್ಲ ದೇಶಗಳ ಹಣ ಒಂದೇ ಹುಂಡಿಗೆ ಬೀಳುತ್ತದೆಂದು ತಿಳಿಯಬೇಕಿಲ್ಲ. ಪ್ರತಿ ದೇಶವೂ ತಾನು ಇಷ್ಟು ಹಣ ಮೀಸಲಿಡುತ್ತೇನೆಂದು ಮೊದಲು ಘೋಷಿಸುತ್ತದೆ. ಬಳಿಕ ಜಂಟಿಯಾಗಿ ಅರ್ಜಿ ಆಹ್ವಾನಿಸಲಾಗುತ್ತದೆ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಕಂಪೆನಿಗಳು ತಂಡ ಕಟ್ಟಿಕೊಂಡು ಅರ್ಜಿ ಸಲ್ಲಿಸುತ್ತವೆ. ಸ್ವತಂತ್ರ ತಜ್ಞರು ಅವುಗಳನ್ನು ಪರಿಶೀಲಿಸಿ ಅರ್ಹತಾ ಪಟ್ಟಿ ಸಿದ್ಧಪಡಿಸುತ್ತಾರೆ. ಆಯ್ಕೆಯಾದ ತಂಡದಲ್ಲಿ ಸ್ವೀಡನ್ನಿನ ವಿಜ್ಞಾನಿಗೆ ಸ್ವೀಡನ್ನೂ ಜರ್ಮನಿಯ ವಿಜ್ಞಾನಿಗೆ ಜರ್ಮನಿಯೂ ಹಣ ಕೊಡುತ್ತವೆ. ತೆರಿಗೆದಾರರ ಹಣ ಬಹುತೇಕ ಅವರವರ ದೇಶದಲ್ಲೇ ಖರ್ಚಾಗುತ್ತದೆ. ಸಂಶೋಧನೆಯ ಫಲ ಮಾತ್ರ ಹಂಚಿಕೆಯಾಗುತ್ತದೆ.

ಇದರಲ್ಲೊಂದು ತೊಡಕುಂಟು. ಒಂದು ದೇಶದ ಮೀಸಲು ಮುಗಿದುಹೋದರೆ, ಆ ದೇಶದವರಿರುವ ಉತ್ತಮ ಯೋಜನೆಯೂ ಅಲ್ಲಿಗೇ ನಿಲ್ಲುತ್ತದೆ. ಈ ಕೊರತೆ ತುಂಬಲು ಯುರೋಪಿಯನ್ ಒಕ್ಕೂಟವು 2014–2020ರ 'ಹೊರೈಜನ್ 2020' ಕಾರ್ಯಕ್ರಮದಲ್ಲಿ ಇಂತಹ ಜಂಟಿ ಯೋಜನೆಗಳ ವೆಚ್ಚದ ಶೇ 33ರಷ್ಟನ್ನು ತಾನೇ ಭರಿಸುವ ಪದ್ಧತಿ ತಂದಿತು.

ಇದಲ್ಲದೆ ಉದ್ಯಮಗಳ ಜೊತೆ ಸೇರಿ ಹಣ ಹೂಡುವ ದೊಡ್ಡ ಯೋಜನೆಯೂ ಇತ್ತು. ಅರಣ್ಯವಷ್ಟೇ ಅಲ್ಲದೆ ಕೃಷಿ ತ್ಯಾಜ್ಯ ಮೊದಲಾದವನ್ನೂ ಒಳಗೊಂಡ ಈ ಪಾಲುದಾರಿಕೆ 2014ರಲ್ಲಿ ಆರಂಭವಾದಾಗ ಅದರ ಗಾತ್ರ 370 ಕೋಟಿ ಯೂರೊ ಎಂದು ಸಾರಲಾಗಿತ್ತು. ಒಕ್ಕೂಟದ ಪಾಲು 97.5 ಕೋಟಿ, ಮಿಕ್ಕಿದ್ದು ಉದ್ಯಮಗಳದು. ಆದರೆ ಉದ್ಯಮಗಳಿಂದ ನಿರೀಕ್ಷಿಸಿದಷ್ಟು ನಗದು ಬರಲಿಲ್ಲ. ಒಕ್ಕೂಟ ತನ್ನ ಪಾಲನ್ನೂ 83.5 ಕೋಟಿ ಯೂರೊಗೆ ಇಳಿಸಿತು. 2021ರಿಂದ 2031ರ ಅವಧಿಗೆ ಅದರ ಸ್ಥಾನದಲ್ಲಿ 200 ಕೋಟಿ ಯೂರೊಗಳ 'ಸರ್ಕ್ಯುಲರ್ ಬಯೊ-ಬೇಸ್ಡ್ ಯುರೋಪ್' ಪಾಲುದಾರಿಕೆ ಬಂದಿದೆ.

ಕಾಡು ಕೊಟ್ಟ ಎಚ್ಚರಿಕೆ

ಸಂಶೋಧನೆಗೆ ಹಣ ಹರಿಯುತ್ತಿದ್ದ ಕಾಲದಲ್ಲೇ ಕಾಡಿನ ಮೇಲಿನ ಬೇಡಿಕೆಯೂ ಏರುತ್ತಿತ್ತು. ಆನೆಕೊಸ್ಕಿ ಕಾರ್ಖಾನೆಯೊಂದಕ್ಕೇ ವರ್ಷಕ್ಕೆ ಸುಮಾರು 65 ಲಕ್ಷ ಘನ ಮೀಟರ್ ಮರ ಬೇಕು. ಫಿನ್ಲೆಂಡಿನಲ್ಲಿ 2018ರಲ್ಲಿ ಸುಮಾರು 7.8 ಕೋಟಿ ಘನ ಮೀಟರ್ ಮರ ಕಡಿಯಲಾಯಿತು. ಅದು ಅಂದಿನವರೆಗಿನ ದಾಖಲೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ನಂತರ ಅಲ್ಲಿಂದ ಬರುತ್ತಿದ್ದ ಮರ ನಿಂತು, ಸ್ವದೇಶದ ಕಾಡಿನ ಮೇಲಿನ ಒತ್ತಡ ಇನ್ನಷ್ಟು ಹೆಚ್ಚಿತು.

ಇದೇ ಹೊತ್ತಿಗೆ ಅನಿರೀಕ್ಷಿತ ಸುದ್ದಿಯೊಂದು ಹೊರಬಿತ್ತು. ಇಂಗಾಲವನ್ನು ಹೀರಿ ಹಿಡಿದಿಡುತ್ತದೆಂದು ನಂಬಿದ್ದ ಫಿನ್ಲೆಂಡಿನ ಭೂಬಳಕೆ ವಲಯ, ಅಂದರೆ ಕಾಡು ಮತ್ತು ಹೊಲಗಳ ಒಟ್ಟು ಲೆಕ್ಕ, 2021ರಲ್ಲಿ ಹೀರಿದ್ದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಟ್ಟಿತ್ತು. ಹೆಚ್ಚಿದ ಕಡಿತ, ಕುಂಠಿತವಾದ ಮರಗಳ ಬೆಳವಣಿಗೆ, ಜೌಗು ನೆಲದಿಂದ ಹೊರಬರುವ ಅನಿಲ, ಈ ಮೂರೂ ಇದಕ್ಕೆ ಕಾರಣ. 2035ರೊಳಗೆ ಇಂಗಾಲ ತಟಸ್ಥವಾಗುವುದಾಗಿ ಕಾನೂನಿನಲ್ಲೇ ಬರೆದುಕೊಂಡಿರುವ ದೇಶಕ್ಕೆ ಇದು ದೊಡ್ಡ ಪೆಟ್ಟು. ಆ ಗುರಿಯ ಲೆಕ್ಕಾಚಾರವೇ ಕಾಡು ಹೀರುವ ಇಂಗಾಲವನ್ನು ನೆಚ್ಚಿಕೊಂಡಿತ್ತು.

ಜೌಗು ನೆಲದ ಕಥೆಯಲ್ಲಿ ಒಂದು ವಿಪರ್ಯಾಸವಿದೆ. 1960 ಮತ್ತು 70ರ ದಶಕಗಳಲ್ಲಿ ಆ ನೆಲಗಳಲ್ಲಿ ಕಾಲುವೆ ತೋಡಿ, ನೀರು ಬಸಿದು ಮರ ಬೆಳೆಸಿದ್ದು ಸರ್ಕಾರದ ಸಹಾಯಧನ ಹಾಗೂ ಸಾಲಗಳ ನೆರವಿನಿಂದಲೇ. ಮರದ ಇಳುವರಿಯ ದೃಷ್ಟಿಯಿಂದ ಯಶಸ್ವಿಯಾದ ಆ ಯೋಜನೆ, ಇಂಗಾಲದ ದೃಷ್ಟಿಯಿಂದ ಮುಂದಿನ ಪೀಳಿಗೆಗೆ ಸಾಲವಾಗಿ ಪರಿಣಮಿಸಿತು. ಆದರೆ ಈ ನಷ್ಟವನ್ನು ಬಯಲಿಗೆಳೆದದ್ದೂ ಸರ್ಕಾರದ ಹಣದಿಂದ ನಡೆಯುವ ಅರಣ್ಯ ಗಣತಿ ಮತ್ತು ಇಂಗಾಲದ ಲೆಕ್ಕವೇ ಎಂಬುದನ್ನು ಮರೆಯುವಂತಿಲ್ಲ. ಅಳೆಯುವವರು ಇಲ್ಲದಿದ್ದರೆ ಹೀರುವ ಕಾಡು ಉಗುಳುವ ಕಾಡಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಯುರೋಪಿಯನ್ ಒಕ್ಕೂಟವೂ ನಿಯಮಗಳನ್ನು ಬಿಗಿಗೊಳಿಸಿತು. 2030ರ ವೇಳೆಗೆ ಸದಸ್ಯ ರಾಷ್ಟ್ರಗಳ ಭೂಬಳಕೆ ವಲಯ ಒಟ್ಟಾಗಿ ವರ್ಷಕ್ಕೆ 31 ಕೋಟಿ ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲವನ್ನು ಹೀರಬೇಕೆಂಬ ಗುರಿಯನ್ನು 2023ರಲ್ಲಿ ನಿಗದಿಪಡಿಸಲಾಯಿತು. ಮರವನ್ನು ಮೊದಲು ಬಾಳಿಕೆ ಬರುವ ವಸ್ತುಗಳಿಗೆ, ನಂತರ ಮರುಬಳಕೆಗೆ, ಕೊನೆಗಷ್ಟೇ ಉರುವಲಿಗೆ ಬಳಸಬೇಕೆಂಬ ತತ್ವವೂ ಅದೇ ವರ್ಷದ ನವೀಕರಿಸಬಹುದಾದ ಇಂಧನ ನಿರ್ದೇಶನದಲ್ಲಿ ಸೇರಿತು.

ಕರ್ನಾಟಕದ ಅನುಭವ

ಕಾಡಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಇದಕ್ಕಿಂತ ಮೊದಲೇ ಕಂಡಿದೆ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗೆ ಸರ್ಕಾರ ಅತ್ಯಲ್ಪ ದರದಲ್ಲಿ ಬಿದಿರು ಒದಗಿಸುತ್ತಿತ್ತು. ಬುಟ್ಟಿ ಹೆಣೆದು ಬದುಕುವ ಮೇದರಿಗೆ ಮಾತ್ರ ಬಿದಿರು ದುರ್ಲಭವಾಗುತ್ತ ಹೋಯಿತು. ಅವರ ದೂರಿನ ಹಿನ್ನೆಲೆಯಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ಬಿದಿರಿನ ಅಧ್ಯಯನ ಕೈಗೊಂಡರು.

ಕಾಡಿನಲ್ಲಿರುವ ಬಿದಿರಿನ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿದೆಯೆಂದು ಆ ಅಧ್ಯಯನ ತೋರಿಸಿತು. ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳುಗಳನ್ನು ಸವರುತ್ತಿದ್ದುದೇ ತಪ್ಪಾಗಿತ್ತು. ಮುಳ್ಳಿನ ರಕ್ಷಣೆಯಿಲ್ಲದ ಎಳೆಯ ಕಳಲೆ ದನಕರು ಹಾಗೂ ಕಾಡುಪ್ರಾಣಿಗಳ ಪಾಲಾಗುತ್ತಿತ್ತು. ಹಳ್ಳಿಗರಿಗೆ ಇದು ಮೊದಲೇ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ.

ಮರದ ತಿರುಳಿನಿಂದ ನೂಲು ತೆಗೆಯುವ ಉದ್ಯಮವೂ ಕರ್ನಾಟಕಕ್ಕೆ ಹೊಸತಲ್ಲ. ವಿಸ್ಕೋಸ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ತುಂಗಭದ್ರೆಯ ದಂಡೆಯಲ್ಲಿ 1970ರ ದಶಕದಲ್ಲೇ ಆರಂಭವಾಯಿತು. ಅದಕ್ಕೆ ನೀಲಗಿರಿ ಬೆಳೆಸಿಕೊಡಲು 1984ರಲ್ಲಿ ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿ ಸ್ಥಾಪನೆಯಾಗಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ವಹಿಸುವ ನಿರ್ಧಾರವಾಯಿತು. ಮೇವು, ಸೌದೆಗೆ ಆ ನೆಲವನ್ನೇ ನಂಬಿದ್ದ ಹಳ್ಳಿಗರು ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಸಸಿಗಳನ್ನು ನೆಟ್ಟರು. 1991ರಲ್ಲಿ ಕಂಪೆನಿಯನ್ನು ಮುಚ್ಚಲಾಯಿತು.

ಹಣ ಯಾವ ಪ್ರಶ್ನೆಗೆ?

ಫಿನ್ಲೆಂಡಿನ ಪೈನ್ ಕಾಡಿಗೂ ಉತ್ತರ ಕನ್ನಡದ ಬಿದಿರು ಮೆಳೆಗೂ ಹೋಲಿಕೆ ಕಡಿಮೆ. ಆದರೆ ಎರಡು ಕಡೆಯ ಪಾಠ ಒಂದೇ. ಮರದಿಂದ ಏನು ಮಾಡಬಹುದೆಂಬ ಪ್ರಶ್ನೆಗೆ ಉತ್ತರ ಹುಡುಕಲು ಉದ್ಯಮವೂ ಮುಂದೆ ಬರುತ್ತದೆ, ಏಕೆಂದರೆ ಅದರಲ್ಲಿ ಅದರ ಲಾಭವಿದೆ. ಕಾಡು ಎಷ್ಟು ಕೊಡಬಲ್ಲದು, ಅದರ ಮೇಲೆ ಇನ್ನಾರ ಬದುಕು ನಿಂತಿದೆ ಎಂಬ ಪ್ರಶ್ನೆಗಳನ್ನು ಕೇಳಿಸುವ ಹೊಣೆ ಸಾರ್ವಜನಿಕ ಹಣದ್ದು.

ಪೆಟ್ರೋಲಿಯಂನ ಬದಲು ಮರವನ್ನು ಬಳಸುವುದು ಒಳ್ಳೆಯ ಗುರಿಯೇ. ಬರ್ಚ್ ಮರದ ನೂಲು ನದಿಗೆ ಹರಿಯುವ ವಿಷವನ್ನು ತಗ್ಗಿಸುವುದಾದರೆ ಅದು ಸ್ವಾಗತಾರ್ಹ. ಆದರೆ ಒಂದೇ ಮರವನ್ನು ಬಟ್ಟೆಗೂ ಡೀಸೆಲಿಗೂ ವಿದ್ಯುತ್ತಿಗೂ ಮನೆ ಕಟ್ಟುವುದಕ್ಕೂ, ಮತ್ತೆ ಇಂಗಾಲ ಹಿಡಿದಿಡುವುದಕ್ಕೂ ಲೆಕ್ಕ ಹಾಕಲು ಬರುವುದಿಲ್ಲ. ಸಂಶೋಧನೆಗೆ ಹಣ ಹಂಚುವ ಸರ್ಕಾರಗಳು ಹೊಸ ಉತ್ಪನ್ನಗಳಿಗೆ ಕೊಡುವ ಗಮನವನ್ನು ಈ ಲೆಕ್ಕಕ್ಕೂ ಕೊಟ್ಟಾಗ ಮಾತ್ರ 'ಸುಸ್ಥಿರ' ಎಂಬ ವಿಶೇಷಣಕ್ಕೆ ಅರ್ಥ ಬರುತ್ತದೆ.