ಬಿಡುಗಡೆ: ಇಂಗ್ಲಿಷ್ ಪದಗಳು ಮತ್ತು ಅವುಗಳ ಹಿನ್ನೆಲೆ

ಸೆರೆ, ದಾಸ್ಯ, ಋಣ, ಆಪಾದನೆ ಮೊದಲಾದ ಕಟ್ಟುಗಳಿಂದ ಬಿಡಿಸುವುದನ್ನೂ ಬಿಡಿಸಿಕೊಳ್ಳುವುದನ್ನೂ ಸೂಚಿಸುವ ಇಂಗ್ಲಿಷ್ ಪದಸಮೂಹ. ಫ್ರೀಡಮ್, ಲಿಬರ್ಟಿ, ರಿಲೀಸ್, ಮ್ಯಾನ್ಯುಮಿಷನ್, ಎಮ್ಯಾನ್ಸಿಪೇಷನ್, ಬೇಲ್, ಪೆರೋಲ್, ಅಕ್ವಿಟಲ್ ಇವುಗಳಲ್ಲಿ ಮುಖ್ಯವಾದವು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ಬಿಟ್ಟವರು ಯಾರು, ಎಷ್ಟರಮಟ್ಟಿಗೆ ಬಿಟ್ಟರು, ಮತ್ತೆ ಹಿಡಿಯುವ ಅಧಿಕಾರವನ್ನು ಉಳಿಸಿಕೊಂಡರೇ ಎಂಬುದನ್ನು ನೋಡಿ ಪದ ಆರಿಸಬೇಕಾಗುತ್ತದೆ.

ಫ್ರೀಡಮ್ ಹಳೆಯ ಇಂಗ್ಲಿಷಿನ ಸ್ವಂತ ಪದ. ಅದರ ಧಾತುವೂ ಸಂಸ್ಕೃತದ ‘ಪ್ರಿಯ’ ಶಬ್ದದ ಧಾತುವೂ ಒಂದೇ. ಫ್ರೆಂಡ್ ಕೂಡ ಅಲ್ಲಿಂದಲೇ ಹುಟ್ಟಿದ್ದು. ಕುಲದವರು, ಬೇಕಾದವರು ಒಂದು ಕಡೆ, ದಾಸರು ಇನ್ನೊಂದು ಕಡೆ ಇದ್ದ ಸಮಾಜದಲ್ಲಿ ತಮ್ಮವರೆನಿಸಿಕೊಂಡವರೇ ಸ್ವತಂತ್ರರು ಎಂಬ ಅರ್ಥ ಬೆಳೆಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಲ್ಯಾಟಿನ್ ಮೂಲದ ಲಿಬರ್ಟಿ ಫ್ರೆಂಚಿನ ಮೂಲಕ ಬಂತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದಲ್ಲೂ ನ್ಯಾಯಾಲಯದಲ್ಲೂ ಫ್ರೆಂಚ್ ನೆಲೆಯೂರಿತು. ರಿಲೀಸ್, ಅಕ್ವಿಟ್, ಡಿಸ್‌ಚಾರ್ಜ್, ಬೇಲ್ ಎಲ್ಲವೂ ಆ ದಾರಿಯಲ್ಲಿ ಬಂದವೇ.

ಮ್ಯಾನ್ಯುಮಿಷನ್ ಎಂದರೆ ದಾಸನನ್ನು ಒಡೆಯನೇ ವಿಧಿಪೂರ್ವಕವಾಗಿ ಬಿಡುವುದು. ‘ಕೈಯಿಂದ ಕಳಿಸು’ ಎಂಬುದು ಅದರ ಲ್ಯಾಟಿನ್ ಮೂಲಾರ್ಥ. ರೋಮಿನಲ್ಲಿ ಒಡೆಯ ತನ್ನ ದಾಸನನ್ನು ನ್ಯಾಯಾಧಿಕಾರಿಯ ಮುಂದೆ ಕರೆತರುತ್ತಿದ್ದ. ಮೂರನೆಯವನೊಬ್ಬ ದಾಸನಿಗೆ ಕೋಲು ಮುಟ್ಟಿಸಿ, ಇವನು ಸ್ವತಂತ್ರನೆಂದು ಸಾರುತ್ತಿದ್ದ. ಒಡೆಯ ತಕರಾರು ಎತ್ತದಿದ್ದರೆ ಅಧಿಕಾರಿ ಅದನ್ನೇ ಎತ್ತಿಹಿಡಿಯುತ್ತಿದ್ದ. ಬಿಡುಗಡೆಯಾದವನ ಗುರುತು ಪಿಲಿಯಸ್ ಎಂಬ ಉಣ್ಣೆಯ ಟೋಪಿ. ದಾಸನ ಬೆಲೆಯ ಶೇ. 5ರಷ್ಟನ್ನು ಸರ್ಕಾರಕ್ಕೆ ತೆರಿಗೆ ಕಟ್ಟಬೇಕಿತ್ತು. ಕ್ರಿ.ಪೂ. 2ರ ಕಾನೂನೊಂದು ಉಯಿಲಿನ ಮೂಲಕ ಎಷ್ಟು ದಾಸರನ್ನು ಬಿಡಬಹುದೆಂಬುದಕ್ಕೂ ಮಿತಿ ಹಾಕಿತು. ಇಷ್ಟಾದರೂ ಋಣ ಹರಿಯುತ್ತಿರಲಿಲ್ಲ: ಬಿಡುಗಡೆಯಾದವನು ಹಳೆಯ ಒಡೆಯನನ್ನು ಪೋಷಕನೆಂದು ಗೌರವಿಸಿ ಸೇವೆ ಸಲ್ಲಿಸಬೇಕಿತ್ತು.

ಎಮ್ಯಾನ್ಸಿಪೇಷನ್ ರೋಮಿನಲ್ಲಿ ದಾಸರಿಗಲ್ಲ, ಮಕ್ಕಳಿಗೆ ಸಂಬಂಧಿಸಿದ ಪದ. ತಂದೆ ಮಗನನ್ನು ಹೆಸರಿಗೆ ಮೂರು ಸಲ ಮಾರಿದರೆ ಮಗ ತಂದೆಯ ಅಧಿಕಾರದಿಂದ ಹೊರಬರುತ್ತಿದ್ದ. ಇಂಗ್ಲಿಷಿನಲ್ಲಿ ಇದು ರಾಜಕೀಯ ಪದವಾಯಿತು. ಬ್ರಿಟನ್ನಿನ ಕ್ಯಾಥೊಲಿಕರಿಗೆ 1829ರಲ್ಲಿ ಸಂಸತ್ತಿನ ಬಾಗಿಲು ತೆರೆದದ್ದೂ ಎಮ್ಯಾನ್ಸಿಪೇಷನ್ನೇ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ 1833ರ ಕಾಯ್ದೆ 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಅದು ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಗುಲಾಮರಿಗೆ ಬಿಡಿಗಾಸೂ ಇಲ್ಲ. ಮೇಲಾಗಿ ಬಹುಪಾಲು ಜನ 1838ರವರೆಗೆ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಅದೇ ಒಡೆಯರಿಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯ್ದೆ ಹೊರಗಿಟ್ಟಿತ್ತು. ಭಾರತಕ್ಕೆ ಬೇರೆ ಕಾಯ್ದೆ ಬಂದದ್ದು 1843ರಲ್ಲಿ.

ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ಘೋಷಣೆಯಿಂದ ಈ ಪದ ಲೋಕಪ್ರಸಿದ್ಧವಾಯಿತು. ಅದು ಅನ್ವಯವಾದದ್ದು ಅಂತರ್ಯುದ್ಧದಲ್ಲಿ ದಂಗೆಯೆದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನಲ್ಲಿ ಸೈನ್ಯ ಅದನ್ನು ಸಾರಿದ್ದು 1865ರ ಜೂನ್ 19ರಂದು. ದೇಶಕ್ಕೆಲ್ಲ ಗುಲಾಮಗಿರಿ ಕೊನೆಗೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಸಂವಿಧಾನದ 13ನೆಯ ತಿದ್ದುಪಡಿಯಿಂದ. ಎಮ್ಯಾನ್ಸಿಪೇಷನ್ ಎಂದಾಗ ಬಿಡಿಸಿದವನೇ ಕರ್ತೃ, ಬಿಡುಗಡೆಯಾದವರು ಬರಿಯ ಕರ್ಮ. ಆದರೆ ತೋಟಗಳನ್ನು ತೊರೆದು ಲಕ್ಷಾಂತರ ಗುಲಾಮರು ತಾವಾಗಿಯೇ ಉತ್ತರದ ಸೇನೆಯ ಬಳಿಗೆ ಹೋದರು, ಆ ಸೇನೆಗಾಗಿ ಹೋರಾಡಿದರು. ಇತಿಹಾಸಕಾರ ಡಬ್ಲ್ಯು. ಇ. ಬಿ. ಡುಬೊಯ್ಸ್ 1935ರ ತಮ್ಮ ಗ್ರಂಥದಲ್ಲಿ ಇದನ್ನು ಗುಲಾಮರ ಸಾರ್ವತ್ರಿಕ ಮುಷ್ಕರವೆಂದೇ ಕರೆದರು. ಈಚಿನ ಇತಿಹಾಸಕಾರರು ಬಳಸುವ ‘ಸ್ವಯಂ ಬಿಡುಗಡೆ’ ಎಂಬ ಮಾತು ನಡೆದದ್ದಕ್ಕೆ ಹೆಚ್ಚು ನಿಷ್ಠವಾಗಿದೆ.

ಬೇಲ್ ಪದದ ಮೂಲದಲ್ಲಿರುವುದು ಒಪ್ಪಿಸುವುದು, ಹೊಣೆ ಹೊರುವುದು. ಆರೋಪಿಯನ್ನು ಸೆರೆಮನೆಯಿಂದ ತೆಗೆದು ಹೊಣೆಗಾರನ ವಶಕ್ಕೆ ಕೊಡುತ್ತಿದ್ದರು. ಕಾವಲು ತಪ್ಪುತ್ತಿರಲಿಲ್ಲ, ಕಾಯುವವರು ಬದಲಾಗುತ್ತಿದ್ದರು. ಯಾವ ಅಪರಾಧಕ್ಕೆ ಬೇಲ್ ಉಂಟು, ಯಾವುದಕ್ಕಿಲ್ಲ ಎಂದು ಇಂಗ್ಲೆಂಡಿನ 1275ರ ವೆಸ್ಟ್‌ಮಿನ್‌ಸ್ಟರ್ ಶಾಸನ ವಿಂಗಡಿಸಿತು. ಅತಿಯಾದ ಬೇಲ್ ಕೇಳಕೂಡದೆಂದು 1689ರ ಹಕ್ಕುಗಳ ಮಸೂದೆ ಕಟ್ಟಪ್ಪಣೆ ಮಾಡಿತು. ಕನ್ನಡಕ್ಕೆ ಬಂದ ಜಾಮೀನು ಪದದ ಅರಬ್ಬಿ ಮೂಲವೂ ಹೊಣೆಗಾರನನ್ನೇ ಸೂಚಿಸುತ್ತದೆ. ‘ಜಾಮೀನು ನಿಲ್ಲು’ ಎನ್ನುವಾಗ ಆ ಅರ್ಥ ಇನ್ನೂ ಜೀವಂತ. ಪೆರೋಲ್ ಎಂದರೆ ಫ್ರೆಂಚಿನಲ್ಲಿ ಮಾತು. ಮತ್ತೆ ಆಯುಧ ಹಿಡಿಯೆನೆಂದು ಮಾತು ಕೊಟ್ಟ ಯುದ್ಧಕೈದಿಗಳನ್ನು ಬಿಡುವ ರೂಢಿಯಿಂದ ಅದು ಸೆರೆಮನೆಗೆ ಬಂತು. ನ್ಯೂಯಾರ್ಕ್ ರಾಜ್ಯದಲ್ಲಿ 1876ರಲ್ಲಿ ಆರಂಭವಾದ ಎಲ್ಮೈರಾ ಸುಧಾರಣಾಗೃಹ ಈ ಪದ್ಧತಿಯನ್ನು ಅಮೆರಿಕದಲ್ಲಿ ನೆಲೆಗೊಳಿಸಿತು. ಮಾತಿಗೆ ತಪ್ಪಿದವನು ಮತ್ತೆ ಒಳಗೆ.

ಬಿಡಿಸುವ ಅರ್ಥ ಮೂಲದಲ್ಲಿ ಅಡಗಿರುವ ಬೇರೆ ಪದಗಳೂ ಇವೆ. ಕಚೇರಿಗಳಲ್ಲಿ ದಿನವೂ ಕೇಳುವ ಎಕ್ಸ್‌ಪಿಡೈಟ್ ಪದದ ಮೂಲಾರ್ಥ ಕಾಲಿನ ತೊಡಕು ಬಿಡಿಸುವುದು. ಎಕ್ಸಾನರೇಟ್ ಎಂದರೆ ಹೊರೆ ಇಳಿಸುವುದು.

ನಮ್ಮ ಪತ್ರಿಕೆಗಳು ಎಲ್ಲದಕ್ಕೂ ‘ಬಿಡುಗಡೆ’ ಎಂದು ಬರೆದುಬಿಡುವುದುಂಟು. ದೋಷಾರೋಪಣೆಗೆ ಆಧಾರವಿಲ್ಲವೆಂದು ವಿಚಾರಣೆಗೆ ಮೊದಲೇ ಕೈಬಿಟ್ಟರೆ ಡಿಸ್‌ಚಾರ್ಜ್. ವಿಚಾರಣೆ ನಡೆದು ದೋಷಮುಕ್ತಿಯಾದರೆ ಅಕ್ವಿಟಲ್. ಬೇಲ್ ಸಿಕ್ಕವನ ಮೇಲೆ ಮೊಕದ್ದಮೆ ಹಾಗೆಯೇ ಇರುತ್ತದೆ. ಒಬ್ಬನ ಮಾನ ಇದರ ಮೇಲೆ ನಿಂತಿರುವಾಗ ಈ ಉದಾಸೀನ ಸಲ್ಲದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬೇಲ್ ಪದಕ್ಕೆ ವ್ಯಾಖ್ಯೆಯೇ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು, ಮುಚ್ಚಳಿಕೆ ಬರೆಸಿಕೊಂಡು ಷರತ್ತುಗಳ ಮೇಲೆ ಕಾನೂನಿನ ವಶದಿಂದ ಬಿಡುವುದು ಎಂದು ವ್ಯಾಖ್ಯಾನಿಸಿದೆ.